ಅಂಗಮ್ಮನಿಗೆ ಹಾಕಿದ ಮಾಲೆ

ನನಗೆ ಶಾಪಗೀಪದಲ್ಲಿ ನಂಬಿಕೆ ಇಲ್ಲ. ಮೊದಲೇ ಹೇಳಿಬಿಡುತ್ತೇನೆ. ಜಾಹೀರಾತಿನವಳು ನಾನು, ಜನ ಏನನ್ನು ನಂಬಬೇಕೆಂದು ಬರೆದುಕೊಡುವುದೇ ನನ್ನ ಕೆಲಸ.

ನಮ್ಮ ವೇಣಿ ಪಬ್ಲಿಸಿಟೀಸ್ ಶುರುವಾದದ್ದು ತಮಿಳು ಸೀಮೆಯ ಸಿಂಗಾನಲ್ಲೂರಿನಲ್ಲಿ, ಒಂದು ಏಣಿ ಮತ್ತು ನಾಲ್ಕು ಡಬ್ಬ ಬಣ್ಣದಿಂದ. ಮಗ್ಗ ಬಿಟ್ಟು ಕುಂಚ ಹಿಡಿದ ನನ್ನ ತಾತ ಗೋವಿಂದಸಾಮಿ ಮಿಲ್ಲುಗಳ ಗೋಡೆಯ ಮೇಲೆ ತಿರುಪ್ಪೂರಿನ ಬನಿಯನ್ನು, ಪಂಪ್‌ಸೆಟ್ಟು ಎಲ್ಲವನ್ನೂ ಬರೆದರು. ಅವರಿಗೆ ಹೆಸರು ತಂದದ್ದು ಮಾತ್ರ ೧೯೯೧ರ ಒಂದು ಫೋಟೋ. ಕಾಂಗೇಯದ ಚೆಂದಾಮರೆ ತೆಂಗಿನೆಣ್ಣೆಯ ಡಬ್ಬ ಹಿಡಿದು ನಕ್ಕ, ಮೊಣಕಾಲುದ್ದ ಜಡೆಯ ಒಬ್ಬ ಹೆಂಗಸು. "ಮದ್ರಾಸಿಂದ ಮಾಡೆಲ್ ಯಾಕೆ? ನಮ್ಮ ಬೀದೀಲಿ ಮುಖ ಇಲ್ವಾ?" ಎಂದು ತಾತ ನಮ್ಮ ಹಾಗೆಯೇ ಮನೆಯಲ್ಲಿ ಕನ್ನಡವಾಡುವ ನೇಕಾರರ ಕುಟುಂಬದಿಂದ ಅವಳನ್ನು ಕರೆತಂದಿದ್ದರಂತೆ. ಆ ಕ್ಯಾಲೆಂಡರ್ ಇಲ್ಲದ ಅಡುಗೆಮನೆ ಈ ಕಡೆ ಇರಲಿಲ್ಲ.

ತಾತ ಹೋದ ಮೇಲೆ ಕಂಪನಿ ಮೋಹನ್ ರಾಜ್ ಮಾಮನ ಕೈಗೆ ಬಂತು. ಮಾಮ ಎಂದರೆ ನನ್ನ ತಾಯಿಯ ಅಣ್ಣ. ಅಪ್ಪನಿಲ್ಲದ ನನ್ನನ್ನು ಎತ್ತಿ ಆಡಿಸಿ, ಓದಿಸಿ, ಈ ಕಸುಬು ಕಲಿಸಿದವರು.

ಆಯುಧಪೂಜೆಯ ದಿನ ನಮ್ಮ ಆಫೀಸಿನಲ್ಲಿ ಕಂಪ್ಯೂಟರಿಗೂ ಕ್ಯಾಮರಾಕ್ಕೂ ಗಂಧ ಕುಂಕುಮ ಇಡುತ್ತಾರೆ. ತಾತನ ಕಾಲದ ಆ ಫೋಟೋಕ್ಕೂ ಇಡುತ್ತಾರೆ, ಅದೇ ನಮ್ಮ ಅನ್ನದ ಆಯುಧವಲ್ಲವೇ? ಹೂಮಾಲೆ ಹಾಕಿದರೆ ಮುಂದಿನ ವರ್ಷದವರೆಗೆ ಒಣಗಿಕೊಂಡು ಅಲ್ಲೇ ಇರುತ್ತದೆ. ಕುಂಕುಮದ ಬೊಟ್ಟು, ಒಣಗಿದ ಮಾಲೆ, ಗಾಜಿನ ಹಿಂದೆ ನಗುವ ಮುಖ. ಚಿಕ್ಕಂದಿನಿಂದ ನೋಡಿ ನೋಡಿ, ಆಕೆ ಸತ್ತು ಎಷ್ಟೋ ಕಾಲವಾಯಿತೆಂದೇ ನಾನು ತಿಳಿದಿದ್ದೆ.

ಹೋದ ವರ್ಷ ಊರಿನ ಒಂದು ಆಸ್ಪತ್ರೆಯವರು ಹೆಂಗಸರ ಆರೋಗ್ಯ ತಪಾಸಣೆಗೆ ಜಾಹೀರಾತು ಕೇಳಿದರು. ನನಗೆ ಆ ಮುಖ ನೆನಪಾಯಿತು. ಕಂಪ್ಯೂಟರಿನಲ್ಲಿ ಅದಕ್ಕೆ ಮೂವತ್ತು ವರ್ಷ ವಯಸ್ಸು ಏರಿಸಿ, ಕೆಳಗೆ ಒಂದೇ ಸಾಲು ಬರೆದೆ: "ಡಾಕ್ಟರ ಹತ್ತಿರ ನಾಳೆ ಹೋಗೋಣ ಅಂದಿದ್ದರು ಅಮ್ಮ." ಬೋರ್ಡಿಗೆ ನಿಜವಾದ ಚೆಂಡುಹೂವಿನ ಮಾಲೆ, ಹನ್ನೆರಡು ಅಡಿಯದು.

"ಮಾಮ, ಇವರು ಈಗ ಇದ್ದಾರಾ?" ಎಂದು ಒಮ್ಮೆ ಕೇಳಿದ್ದೆ.

"ಪಟಕ್ಕೆ ಮಾಲೆ ಐತಲ್ಲಮ್ಮ, ಇನ್ನೇನು?" ಎಂದರು, ಫೋನಿನಿಂದ ತಲೆ ಎತ್ತದೆ.

ಸಿಂಗಾನಲ್ಲೂರು ಬಸ್ ಸ್ಟ್ಯಾಂಡಿನ ಎದುರು ಬೋರ್ಡು ನಿಂತಿತು. ಪತ್ರಿಕೆಯವರಿಗೆ ಚಿತ್ರ ಬೇಕೆಂದು ನಾನೇ ಏಣಿ ಹತ್ತಿ ಮಾಲೆ ಹಾಕಿದೆ. ಜನ ನಿಂತು ನೋಡಿದರು, ಕೆಲವರು ಕೈ ಮುಗಿದರು. ನನಗೆ ಹೆಮ್ಮೆಯೋ ಹೆಮ್ಮೆ. ಮದ್ರಾಸಿನ ದೊಡ್ಡ ಜಾಹೀರಾತು ಬಹುಮಾನಕ್ಕೂ ನಮ್ಮ ಹೆಸರು ಹೋಯಿತು.

ಹತ್ತನೇ ದಿನ ಆಕೆ ಆಫೀಸಿಗೆ ಬಂದಳು.

ಫೋಟೋದವಳೇ. ಕಂಪ್ಯೂಟರ್ ಮಾಡಿದ ಸುಕ್ಕುಗಳೇ, ಅದೇ ಬಿಳಿಗೂದಲು. ಅಂಗಮ್ಮ ಎಂದು ಹೆಸರು ಹೇಳಿ, ಮೇಜಿನ ಮೇಲೆ ಒಂದು ಹೊಸ ಸೀರೆ ಇಟ್ಟಳು.

"ನನ್ನ ತಮ್ಮ ನನ್ನ ಜೊತೆ ಮಾತು ಬಿಟ್ಟು ಇಪ್ಪತ್ತು ವರ್ಷ ಆಯ್ತು ಕಣ್ಣು. ಬಸ್ಸಲ್ಲಿ ಹೋಗೋವಾಗ ನಿಮ್ಮ ಬೋರ್ಡು ನೋಡವ್ನೆ. ಎದೆ ಬಡ್ಕೊಂಡು ಕೋಡಿ ತಗೊಂಡು ಬಂದ. ನಾನು ತಿಣ್ಣೆ ಮೇಲೆ ಕೂತು ಸೊಪ್ಪು ಬಿಡಿಸ್ತಿದ್ದೆ."

ನಮ್ಮ ಕಡೆ ಕಣ್ಣು ಎಂದರೆ ಮಗಳೇ ಎಂದ ಹಾಗೆ. ಕೋಡಿ ಎಂದರೆ ಹೆಣ್ಣಿನ ಹೆಣಕ್ಕೆ ತವರಿನಿಂದ ಹೊದಿಸುವ ಸೀರೆ. ಅದನ್ನು ತಂದವರು ಹಿಂದಕ್ಕೆ ಒಯ್ಯುವಂತಿಲ್ಲ. ಬದುಕಿರುವವಳು ಉಡುವಂತೆಯೂ ಇಲ್ಲ.

"ಸುಳ್ಳು ಸಾವು ಕೇಳಿದ್ರೆ ಆಯಸ್ಸು ಗಟ್ಟಿ ಅಂತಾರೆ ಅಂಗಮ್ಮಕ್ಕ," ಎಂದು ಮಾಮ ನಕ್ಕರು.

ಆಕೆ ನಗಲಿಲ್ಲ. "ಮಾಲೆ ತೆಗೀರಿ. ಅಷ್ಟೇ ಕೇಳೋದು."

"ನಾಳೆ ತೆಗೆಸ್ತೀವಿ ಅವ್ವಾ," ಎಂದೆ.

"ನಾಳೆ ಅಂತಲೇ ನನ್ನ ಪಟದ ಕೆಳಗೆ ಬರ್ದಿದ್ದೀರಂತಲ್ಲ," ಎಂದು ಹೇಳಿ ಎದ್ದು ಹೋದಳು. ಸೀರೆಯನ್ನು ಒಯ್ಯಲಿಲ್ಲ.

ಬಹುಮಾನದವರು ಸೋಮವಾರ ಬೋರ್ಡು ನೋಡಲು ಬರುವವರಿದ್ದರು. "ನಾಲ್ಕು ದಿನ ತಾನೇ, ಮುದುಕಿ ಮರೀತಾಳೆ," ಎಂದರು ಮಾಮ. ಮಾಲೆ ಇರಲೆಂದು ನಾನೂ ಬಿಟ್ಟೆ. ನನಗೂ ಆ ಬಹುಮಾನ ಬೇಕಿತ್ತು, ಸುಳ್ಳು ಯಾಕೆ ಹೇಳಲಿ?

ಭಾನುವಾರ ಮಧ್ಯಾಹ್ನ ಅಂಗಮ್ಮನ ತಮ್ಮ ತೀರಿಕೊಂಡ. ಅಕ್ಕನ ಮನೆಯಿಂದ ಹೋದವನು, ಬದುಕಿದ್ದವಳಿಗೆ ಕೋಡಿ ಒಯ್ದೆನೆಂದು ಕೊರಗಿ ಊಟ ಬಿಟ್ಟು ಮಲಗಿದ್ದನಂತೆ, ಏಳಲೇ ಇಲ್ಲ. ಸುದ್ದಿ ತಿಳಿದ ಕೂಡಲೇ ನಾನು ಯಾರನ್ನೂ ಕೇಳದೆ ಬೋರ್ಡು ಇಳಿಸಿದೆ. ಬೆಂಕಿ ಬಿದ್ದ ಮೇಲೆ ಬಾವಿ ತೋಡಿದ ಹಾಗೆ.

ಕ್ಷಮೆ ಕೇಳೋಣವೆಂದು ಬುಧವಾರ ಅವಳ ಮನೆಗೆ ಹೋದರೆ ಬಾಗಿಲಿಗೆ ಬೀಗ. "ಮೊದಲ ಬಸ್ಸಿಗೇ ಆನೈಮಲೈಗೆ ಹೋದ್ಳು, ಮೆಣಸಿನಕಾಯಿ ಅರೆಯಕ್ಕೆ," ಎಂದಳು ಪಕ್ಕದ ಮನೆಯ ಕಣ್ಣಮ್ಮ. ಹೇಳಿ ನನ್ನಿಂದ ಒಂದು ಹೆಜ್ಜೆ ಹಿಂದೆ ಸರಿದಳು.

ಈ ಸೀಮೆಯಲ್ಲಿ ಹುಟ್ಟಿದವರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಅನ್ಯಾಯವಾದವರು ಆನೈಮಲೈಯ ಮಾಸಾಣಿ ಅಮ್ಮನ ಗುಡಿಯಲ್ಲಿ ಕೆಂಪು ಮೆಣಸಿನಕಾಯಿ ಅರೆದು ಅಲ್ಲಿನ ಕಲ್ಲಿಗೆ ಬಳಿಯುತ್ತಾರೆ. ಉರಿ ಅನ್ಯಾಯ ಮಾಡಿದವರಿಗೆ ತಾಗುತ್ತದೆ. ಮಾಮನಿಗೆ ಫೋನ್ ಮಾಡಿದೆ, ತೆಗೆಯಲಿಲ್ಲ. ನಾನೊಬ್ಬಳೇ ಗಾಡಿ ಓಡಿಸಿಕೊಂಡು ಹೊರಟೆ. ದಾರಿಯುದ್ದಕ್ಕೂ ನನಗೆ ನಂಬಿಕೆ ಇಲ್ಲ, ನಂಬಿಕೆ ಇಲ್ಲ ಎಂದು ಹೇಳಿಕೊಳ್ಳುತ್ತಿದ್ದೆ. ಗಾಡಿಯ ವೇಗ ಮಾತ್ರ ಇಳಿಸಲಿಲ್ಲ.

ಮಟಮಟ ಮಧ್ಯಾಹ್ನ. ಅಂಗಮ್ಮ ಅರೆಯುವ ಕಲ್ಲಿನ ಮುಂದೆ ಕೂತಿದ್ದಳು. ಮೊಣಕೈವರೆಗೆ ಕೆಂಪು. ಘಾಟಿಗೆ ನನ್ನ ಕಣ್ಣಲ್ಲಿ ನೀರು ಸುರಿಯಿತು, ಅವಳ ಕಣ್ಣು ಒಣಗಿತ್ತು.

"ಬೇಡ ಅವ್ವಾ. ಬೋರ್ಡು ಇಳಿಸಿದ್ದೀನಿ. ಕಾಲಿಗೆ ಬೀಳ್ತೀನಿ."

"ಮಾಲೆ ಹಾಕ್ದೋರು ಯಾರು? ಹೆಸ್ರು ಹೇಳು," ಎಂದಳು, ಕೈ ನಿಲ್ಲಿಸದೆ. "ಹೆಸ್ರಿಲ್ದೆ ಅರೆದ್ರೆ ಯಾರಿಗೆ ತಾಗ್ತದೆ?"

ಏಣಿ ಹತ್ತಿದವಳು ನಾನು. ಸಾಲು ಬರೆದವಳು ನಾನು. ಶಾಪವನ್ನು ನಂಬದವಳು "ನಿವೇತಾ" ಎಂಬ ಮೂರಕ್ಷರ ಹೇಳಲು ಹೆದರಬೇಕಾಗಿರಲಿಲ್ಲ.

"ಮೋಹನ್ ರಾಜ್," ಎಂದೆ. "ನಮ್ಮ ಮಾಮ. ನೀವು ಇಲ್ಲ ಅಂತ ಅವರೇ ಹೇಳಿದ್ದು. ನನಗೇನೂ ಗೊತ್ತಿರ್ಲಿಲ್ಲ ಅವ್ವಾ."

ಗುಂಡುಕಲ್ಲು ನಿಂತಿತು. ಅಂಗಮ್ಮ ಮೊದಲ ಸಲ ತಲೆ ಎತ್ತಿ ನನ್ನ ಮುಖ ನೋಡಿದಳು. ಸಿಟ್ಟಿರಲಿಲ್ಲ, ಅಯ್ಯೋ ಅನ್ನುವಂಥ ನೋಟ.

"ಅವ್ನು ಹೊತ್ತಾರೆನೇ ಬಂದಿದ್ದ ಕಣ್ಣು. ಅತ್ಕೊಂಡು ಕಾಲು ಹಿಡ್ದ. ನಿನ್ನ ಹೆಸ್ರು ಹೇಳ್ಬುಟ್ಟು ಹೋದ."

ಅಷ್ಟು ಹೇಳಿ, ಚೀಲದಿಂದ ಇನ್ನೊಂದು ಹಿಡಿ ಮೆಣಸಿನಕಾಯಿ ತೆಗೆದು ಕಲ್ಲಿಗೆ ಹಾಕಿದಳು.