ಶ್ರುತಿಯ ಮನೆ ಮುಂದೆ ಮಂದೆ

ಭಾನುವಾರ ಸಂಜೆ ಆರಕ್ಕೆ ‘ಮಂದೆ ಎಲ್ಲೈತೆ’ ನಿಂತುಹೋಗಬೇಕಿತ್ತು. ಚಳ್ಳಕೆರೆಯ ಶ್ರುತಿ ಕಟ್ಟಿದ ಆ್ಯಪ್ ಅದು. ಹೊಲಕ್ಕೆ ಹಿಕ್ಕೆ ಗೊಬ್ಬರ ಬೇಕೆನ್ನುವ ರೈತನಿಗೂ, ರಾತ್ರಿ ಕುರಿ ನಿಲ್ಲಿಸಲು ಹೊಲ ಹುಡುಕುವ ಕುರಿಗಾಹಿಗೂ ಗಂಟು ಹಾಕುವುದು ಅದರ ಕೆಲಸ. ಹಾಗೆ ಒಂದು ರಾತ್ರಿ ಕುರಿ ನಿಲ್ಲಿಸಿದ್ದಕ್ಕೆ ರೈತ ಕುರಿಗಾಹಿಗೆ ದುಡ್ಡೋ ಕಾಳೋ ಕೊಡುವುದು ರೂಢಿ. ನಕಾಶೆಯಲ್ಲಿ ಒಂದು ಚುಕ್ಕಿ ಎಂದರೆ ಒಂದು ಮಂದೆ. ಮುಕ್ತ ತಂತ್ರಾಂಶ, ಕಾಸಿಲ್ಲ, ಜಾಹೀರಾತಿಲ್ಲ, ಯಾರು ಬೇಕಾದರೂ ಬಿಚ್ಚಿ ನೋಡಿ ತಿದ್ದಬಹುದು. ತಿದ್ದಲು ಮಾತ್ರ ಒಂದು ನರಪಿಳ್ಳೆಯೂ ಬಂದಿರಲಿಲ್ಲ. ಬಳಸುವವರು ತಾಲ್ಲೂಕಿನ ತುಂಬ ಇದ್ದರು, ದುಡಿಯುವವಳು ಇವಳೊಬ್ಬಳೇ. ಈಗ ಸರ್ವರಿನ ಬಾಡಿಗೆಯೂ ಅವಳ ಕೈಮೀರಿತ್ತು.

ಹೋದ ವಾರ ಅವಳು ಆ್ಯಪಿನಲ್ಲಿ ತನ್ನದೇ ದನಿಯಲ್ಲಿ ಒಂದು ಮನವಿ ಹಾಕಿದ್ದಳು: “ಇದು ಯಾರೊಬ್ಬರ ಸ್ವತ್ತೂ ಅಲ್ಲ, ಎಲ್ಲರದು. ಕೈಲಾದದ್ದು ಕೊಡಿ, ಬಿಡುವಿದ್ದವರು ಕೆಲಸಕ್ಕೆ ಬನ್ನಿ. ಇಲ್ಲದಿದ್ದರೆ ಭಾನುವಾರ ಸಂಜೆ ಮುಚ್ಚುತ್ತೇನೆ.” ಕೆಳಗೆ ದುಡ್ಡು ಕಳಿಸುವ ಗುಂಡಿಯನ್ನೂ ಇಟ್ಟಿದ್ದಳು. ಅದನ್ನು ಒತ್ತಿದ ಪುಣ್ಯಾತ್ಮರು ಒಬ್ಬರೂ ಇಲ್ಲ. ಶ್ರುತಿಗೆ ಸಿಟ್ಟು ಬಂದಿತ್ತು, ಅದಕ್ಕಿಂತ ಹೆಚ್ಚಾಗಿ ಅಳು ಬಂದಿತ್ತು.

ಆ ಭಾನುವಾರ ಸಂಜೆ ಐದು ದಾಟಿದ ಮೇಲೆ ಬೀದಿಯಲ್ಲಿ ‘ಬ್ಯಾ’ ಎಂದಿತು. ಆಮೇಲೆ ಇಡೀ ಬೀದಿಯೇ ‘ಬ್ಯಾ’ ಎಂದಿತು. ಬಾಗಿಲು ತೆಗೆದರೆ ಹೊಸಿಲಿನ ಮೇಲೆ ಒಂದು ಟಗರು, ಅದರ ಹಿಂದೆ ಕಂಬಳಿ ಹೊದ್ದ ಮುದುಕ, ಅವನ ಪಕ್ಕ ಹೆಂಡತಿ, ಇನ್ನುಳಿದಂತೆ ಕಣ್ಣು ಹಾಯುವವರೆಗೆ ಕುರಿಯೋ ಕುರಿ. ಎರಡು ಆಟೋಗಳು ಉಣ್ಣೆಯಲ್ಲಿ ಹೂತುಹೋಗಿದ್ದವು.

“ಶ್ರುತಿ ಅಂದ್ರೆ ನೀನೇ ಏನವ್ವಾ? ನಾನು ಪರಶುರಾಂಪುರದ ಕಡೆ ದೊಡ್ಡೀರಪ್ಪ. ಇವ್ಳು ಕೆಂಚಕ್ಕ. ಕೈಲಾದ್ದು ಕೊಡಿ ಅಂದ್ಯಲ್ಲ, ಹೊಡ್ಕಂಡು ಬಂದೀವಿ. ನಿನ್ ಹೊಲ ಎಲ್ಲೈತೆ ಹೇಳು, ಇವತ್ ರಾತ್ರಿ ಪುಕ್ಕಟೆ ನಿಲ್ಲಿಸ್ತೀನಿ.”

“ಅಯ್ಯೋ ತಾತ, ನನಗೆ ಹೊಲಾನೇ ಇಲ್ಲ!”

“ಹೊಲ ಇಲ್ದೇ ಯಾಕವ್ವ ಇಷ್ಟೆಲ್ಲ ಮಾಡ್ದೆ?” ಎಂದು ದೊಡ್ಡೀರಪ್ಪ ಬಾಯಿ ಬಿಟ್ಟುಕೊಂಡು ನಿಂತ.

ಅಷ್ಟರಲ್ಲಿ ಎದುರುಮನೆಯ ಜಂಬುಲಿಂಗಪ್ಪ, ಕಡ್ಲೆಕಾಯಿ ಎಣ್ಣೆ ಮಿಲ್ಲಿನ ಯಜಮಾನರು, ಪಂಚೆ ಎತ್ತಿಕಟ್ಟಿ ಹೊರಬಂದರು. “ಏನ್ರೀ ಇದು? ಬೀದಿನೋ ಸಂತೆನೋ? ನಮ್ ತುಳಸಿಗಿಡ ಬೋಳಾತು!” ವಿಷಯ ಕಿವಿಗೆ ಬಿದ್ದದ್ದೇ ತಡ, ದನಿ ಬೆಣ್ಣೆಯಾಯಿತು. “ಪುಕ್ಕಟೆನಾ? ನಂದು ಊರಾಚೆನೇ ಹೊಲ ಐತಲ್ರೀ!”

ಶ್ರುತಿಯ ತಲೆ ಚುರುಕಾಯಿತು. “ಈ ಮಂದೆ ನನಗೆ ಬಂದ ದಾನ, ಯಜಮಾನ್ರೇ. ನಿಮಗೆ ಕೊಟ್ರೆ ನೀವು ಏನು ಕೊಡ್ತೀರಿ?”

ಜಂಬುಲಿಂಗಪ್ಪ ಕುರಿಗಳನ್ನು ಆಸೆಯಿಂದ ನೋಡಿದರು. “ಮಿಲ್ಲಿನ ಆಫೀಸ್‌ನಾಗೆ ಒಂದು ಕಂಪ್ಯೂಟರ್ ಧೂಳು ಕುಡೀತಾ ಕೂತೈತೆ. ನೆಟ್ ಐತೆ, ಕರೆಂಟ್ ಹೋದ್ರೆ ಯುಪಿಎಸ್ಸೂ ಐತೆ. ನಡೀತದಾ?”

ಸರ್ವರ್! ಶ್ರುತಿ ಮುದುಕನ ಕೈ ಹಿಡಿದು ಬೀದಿಯಲ್ಲೇ ಕುಣಿದುಬಿಟ್ಟಳು. ಟಗರು ಕೂಡ ಗಾಬರಿಯಾಗಿ ಹಿಂದೆ ಸರಿಯಿತು.

“ದಾನ ಆತು. ಕೆಲ್ಸಕ್ಕೂ ಬರ್ರಿ ಅಂದಿದ್ಯಲ್ಲ, ನಾನು ಮುಯ್ಯಾಳು,” ಎಂದಳು ಕೆಂಚಕ್ಕ. “ನೀನು ನಮ್ಗೆ ದುಡ್ದೀಯ, ನಾವು ನಿನ್ಗೆ ದುಡೀಬೇಕು. ಮಂದೆ ಎದ್ದು ಹೋದ್ರೂ ನಿನ್ ಫೋನ್‌ನಾಗೆ ಚುಕ್ಕಿ ಅಲ್ಲೇ ಕುಂತಿರ್ತೈತಲ್ಲ, ಅದ ತೆಗಿಯೋದು ನನ್ಗೆ ಬಿಡು. ಯಾರ್ ಮಂದೆ ಎಲ್ಲೈತೆ ಅಂತ ದಿನಾ ಫೋನ್ ಮಾಡಿ ಹರಟೋಳೇ ನಾನು.”

ಹಳೇ ಚುಕ್ಕಿಗಳಿಗಾಗಿ ರೈತರಿಂದ ದಿನವೂ ಬೈಸಿಕೊಳ್ಳುತ್ತಿದ್ದ ಶ್ರುತಿಗೆ ಕಣ್ಣು ತುಂಬಿ ಬಂತು. ಇಷ್ಟು ದಿನ ತಾನೊಬ್ಬಳೇ ಎಂದುಕೊಂಡಿದ್ದಕ್ಕೆ ನಾಚಿಕೆಯೂ ಆಯಿತು.

“ಅಳಬ್ಯಾಡವ್ವ, ಹೊತ್ತಿಲ್ಲ,” ಎಂದ ದೊಡ್ಡೀರಪ್ಪ. “ಸಿದ್ದಾಪುರದೋರು ಹಿಂದೆನೇ ಬರ್ತಾ ಅವ್ರೆ. ಮೊಳಕಾಲ್ಮೂರು ಕಡೆಯೋರು ಮೊನ್ನೆನೇ ಹೊರಟ್ರು. ನಿನ್ ಮಾತು ಎಲ್ರೂ ಕೇಳವ್ರೆ.”

ಬೀದಿಯ ಕೊನೆಯಲ್ಲಿ ಧೂಳೆದ್ದಿತು. ಮತ್ತೆ ‘ಬ್ಯಾ’. ನಗು ತಡೆಯಲಾಗದೆ ಶ್ರುತಿ ಹೊಸಿಲ ಮೇಲೆ ಕುಸಿದು ಕುಳಿತಳು. ಇಷ್ಟೊಂದು ಕುರಿಗಳನ್ನು ಈ ಕತ್ತಲಾಗುವ ಹೊತ್ತಿಗೆ ಯಾರ ಹೊಲದಲ್ಲಿ ನಿಲ್ಲಿಸುವುದು? ಅದನ್ನು ಹೇಳಬಲ್ಲದ್ದು ಚಳ್ಳಕೆರೆ ಸೀಮೆಯಲ್ಲಿ ಒಂದೇ ಒಂದು. ಗಂಟೆ ಆರು ದಾಟಿದ್ದು ಯಾರ ಗಮನಕ್ಕೂ ಬರಲಿಲ್ಲ. ಶ್ರುತಿ ಫೋನು ತೆಗೆದು, ತಾನೇ ಕಟ್ಟಿದ ಆ್ಯಪಿನಲ್ಲಿ ಮೊದಲ ಸಲ ತನಗಾಗಿ ಒತ್ತಿದಳು: ‘ಹೊಲ ಬೇಕಾಗಿದೆ.’