ತೋಟಪ್ಪನವರ ಕಫದ ಕುಲಮೂಲ

ಹೆಗ್ಗದ್ದೆಯ ಕಾಫಿ ಬೆಳೆಗಾರ ತೋಟಪ್ಪನವರಿಗೆ ಕ್ಷಯ ಬಂದದ್ದಕ್ಕಿಂತ ಅದು ಬಡವರ ಕಾಯಿಲೆ ಎಂಬ ಮಾತೇ ಹೆಚ್ಚು ಬೇಸರ ತಂದಿತ್ತು. ಹಾಗಾಗಿ ಸಕಲೇಶಪುರದಲ್ಲಿ ಡಾಕ್ಟರ್ ಶ್ವೇತಾ, "ನಿಮ್ಮದು ಮಾಮೂಲಿ ಟೀಬಿ ಅಲ್ಲ, ಮಾತ್ರೆಗೆ ಬಗ್ಗದ ಜಾತಿ" ಎಂದಾಗ ಅವರ ಮುಖ ಕೊಂಚ ಅರಳಿತು.

"ಯಾವ ದೇಶದ್ದು ಡಾಕ್ಟ್ರೇ ಇದು?"

"ಎಲ್ಲ ಕಡೆನೂ ಇದೆ. ರಷ್ಯಾ ಕಡೆ ಬಹಳ, ಕೆಲವು ದೇಶದಲ್ಲಿ ಕಡಿಮೆ. ಒಂದೊಂದು ಕಡೆಯ ರೋಗಾಣು ಒಂದೊಂದು ಔಷಧಿಗೆ ಜಗ್ಗಲ್ಲ. ನಿಮ್ಮ ಕಫ ಬೆಂಗಳೂರಿಗೆ ಕಳಿಸಿದ್ದೀವಿ, ತಳಿ ಯಾವುದು ಅಂತ ಗೊತ್ತಾಗತ್ತೆ."

ತೋಟಪ್ಪನವರು ಬೆಂಗಳೂರಿಗಾಗಿ ಕಾಯಲಿಲ್ಲ. ಕಾಫಿ ಹಣ್ಣು ಕೊಯ್ಯಲು ಅಸ್ಸಾಮಿನಿಂದ ಬಂದವರು ತೋಟದ ಕೂಲಿಯವರ ಲೈನ್ ಮನೆಗಳಲ್ಲಿದ್ದರು. "ಅವರೇ ತಂದಿರಾದು" ಎಂದು ಮನೆ ತಲುಪಿದ ಕೂಡಲೇ ತೀರ್ಪು ಕೊಟ್ಟರು. ದಿನಾ ಸಂಜೆ ತೋಟಪ್ಪನವರ ಜೊತೆ ಕೂತು ಇಸ್ಪೀಟಾಡುತ್ತ ಬ್ರಾಂದಿ ಹೀರುವ, ತೋಟದ ಲೆಕ್ಕ ಬರೆಯುವ ರೈಟರ್ ದಯಾನಂದ, "ಇನ್ನೆಲ್ಲಿಂದ ಬರ್ತದೆ ಸಾವ್ಕಾರ್ರೇ, ನಮ್ಮ ಗಾಳಿ ಎಂಥದ್ದು" ಎಂದು ಹೇಳಿ ಕೆಮ್ಮಿದ.

ಶ್ವೇತಾ ಎಕ್ಸ್‌ರೇ ಮಿಷಿನ್ ತಂದು ತೋಟದವರನ್ನೆಲ್ಲ ಪರೀಕ್ಷಿಸಿ, ಅನುಮಾನ ಬಂದವರ ಕಫವನ್ನೂ ಬೆಂಗಳೂರಿಗೆ ಕಳಿಸಿದರು. ಅದು ಮುಗಿದದ್ದೇ ತಡ, ತೋಟಪ್ಪನವರು ಅಸ್ಸಾಮಿನವರಿಗೆ ಲೈನ್ ಖಾಲಿ ಮಾಡಿ ಎಂದುಬಿಟ್ಟರು. ಅವರ ಮೇಸ್ತ್ರಿ ತನ್ನ ಜನರನ್ನೆಲ್ಲ ಪಿಕಪ್ಪಿಗೆ ಹತ್ತಿಸಿಕೊಂಡು ಮೂಡಿಗೆರೆ ಕಡೆಯ ತೋಟವೊಂದಕ್ಕೆ ಹೊರಟುಹೋದ.

ರಿಪೋರ್ಟು ಆಮೇಲೆ ಬಂತು. ಅಸ್ಸಾಮಿನವರ ಎದೆಗಳೆಲ್ಲ ಶುದ್ಧ. ರೋಗ ಇದ್ದದ್ದು ದಯಾನಂದನಿಗೆ.

"ನಿಮ್ಮಿಬ್ಬರದ್ದೂ ಒಂದೇ ತಳಿ" ಎಂದರು ಶ್ವೇತಾ. "ನಮ್ಮ ದಕ್ಷಿಣದ್ದೇ, ಹಳೇದು. ಮಾತ್ರೆ ಅರ್ಧಕ್ಕೆ ಬಿಟ್ರೆ ಹೀಗೆ ಮೊಂಡಾಗತ್ತೆ. ಹಿಂದೆ ಏನಾದ್ರೂ ತಗೊಂಡಿದ್ರಾ?"

"ಇಲ್ಲ" ಎಂದರು ತೋಟಪ್ಪನವರು.

"ತಗಂಡಿದ್ರು" ಎಂದರು ಪಕ್ಕದಲ್ಲಿದ್ದ ಹೆಂಡತಿ ದ್ರಾಕ್ಷಾಯಣಿ. "ಮಂಗಳೂರಲ್ಲಿ ತೋರ್ಸಿದ್ವಿ. ಉಚ್ಚೆ ಕೆಂಪಾಯ್ತದೆ, ಬ್ರಾಂದಿ ಕುಡಿಯಂಗಿಲ್ಲ ಅಂತ ಎರಡ್ನೇ ತಿಂಗ್ಳಿಗೇ ಬುಟ್ಬುಟ್ರು."

ತೋಟಪ್ಪನವರು ತಲೆ ಎತ್ತಿ, ತಿರುಗದೆ ನಿಂತಿದ್ದ ಫ್ಯಾನನ್ನು ಬಹಳ ಹೊತ್ತು ನೋಡಿದರು.

ಸಂಜೆ ಮಾಸ್ಕ್ ಹಾಕಿಕೊಂಡು ದಯಾನಂದನ ಮನೆಯಂಗಳಕ್ಕೆ ಹೋದರು. ತಪ್ಪೊಪ್ಪಿಕೊಳ್ಳಲೆಂದು ಮಾಸ್ಕ್ ಸರಿಸುವಷ್ಟರಲ್ಲಿ ಅವನೇ ಜಗಲಿಯಿಂದ, "ಇರ್ಲಿ ಬಿಡಿ ಸಾವ್ಕಾರ್ರೇ. ನೀವು ಕೈ ಬಿಚ್ಚಿ ನನಗೆ ಕೊಟ್ಟಿದ್ದು ಇದೊಂದೇ" ಎಂದ. ತೋಟಪ್ಪನವರಿಗೆ ನಗು ಬಂತು, ಕಣ್ಣೂ ಒದ್ದೆಯಾಯಿತು. ಕೆಲವು ವಾರಗಳಲ್ಲಿ ಹೊಸ ಮಾತ್ರೆಗಳ ದೆಸೆಯಿಂದ ಇಬ್ಬರ ಪಾದವೂ ಉರಿಯತೊಡಗಿತು. ಯಾರದ್ದು ಹೆಚ್ಚು ಉರಿ ಎಂಬುದಕ್ಕೂ ಜಗಳವಾಡಿದರು. ಆದರೆ ಮಾತ್ರೆ ಬಿಡಲಿಲ್ಲ.

ಅತ್ತ ಹಣ್ಣು ಗಿಡದಲ್ಲೇ ಒಣಗಿ ಉದುರತೊಡಗಿತು. ದ್ರಾಕ್ಷಾಯಣಿ ಮೇಸ್ತ್ರಿಗೆ ಫೋನ್ ಮಾಡಿದರು. ಅವನು ತನ್ನ ಮುರುಕು ಕನ್ನಡದಲ್ಲಿ, "ಬರ್ತೀವಿ ಅಮ್ಮಾ. ಮೊದ್ಲು ಸಾವ್ಕಾರ್ ಕಫ ಟೆಸ್ಟ್ ಮಾಡ್ಸಿ" ಎಂದ. ಬೈಯಲೆಂದು ತೋಟಪ್ಪನವರು ಫೋನ್ ಕಿತ್ತುಕೊಂಡರು. ಬೈಗುಳಕ್ಕಿಂತ ಮೊದಲು ಕೆಮ್ಮು ಬಂತು. ಆ ಕಡೆಯಿಂದ ಫೋನ್ ಕಟ್ಟಾಯಿತು.

ಆ ವರ್ಷ ಕಾಫಿ ಅರ್ಧ ಮಣ್ಣುಪಾಲು. ಕಫದಲ್ಲಿ ರೋಗಾಣು ಇಲ್ಲವೆಂದು ಖಚಿತವಾದ ಮೇಲೆ ತೋಟಪ್ಪನವರೇ ಫೋನ್ ಮಾಡಿದರು. ಮೆಣಸು ಕೊಯ್ಲಿಗೆ ಅಸ್ಸಾಮಿನವರು ಬಂದರು. ಲೈನಿನ ಮುಂದೆ ನಿಂತು ತೋಟಪ್ಪನವರು, "ತಪ್ಪಾಯ್ತು ಕಣ್ರಪ್ಪ, ನಿಮ್ಮನ್ನ ಸುಮ್ಸುಮ್ನೆ ಅಂದ್ಬುಟ್ಟೆ" ಎಂದರು. ಅರ್ಧದಷ್ಟು ಜನಕ್ಕೆ ಅರ್ಥವಾಗಲಿಲ್ಲ. ಮೇಸ್ತ್ರಿ ಅದನ್ನು ತಮ್ಮ ಭಾಷೆಯಲ್ಲಿ ಬಿಡಿಸಿ ಹೇಳಿದ, ಸ್ವಲ್ಪ ಉದ್ದವಾಗಿಯೇ. ಎಲ್ಲರೂ ಗೊಳ್ಳೆಂದು ನಕ್ಕರು.

ಏನು ಹೇಳಿದೆ ಎಂದು ತೋಟಪ್ಪನವರು ಕೇಳಲು ಹೋಗಲಿಲ್ಲ.