ಗಡಿಯಾರದ ಕೆಳಗಿನ ಕಂಬ

"ಇದು ಬರೀ ಬೋಲ್ಟಲ್ಲ ಅಳಿಯಂದ್ರೇ, ಇದು ಬುಗುರಿ!"

ಮಾವ ಬ್ರಷ್ಷಿನ ಡಬ್ಬಿಯೊಳಗೆ ಕೈಹಾಕಿ, ಹೆಬ್ಬೆರಳಿನಷ್ಟು ದಪ್ಪದ ತುಕ್ಕು ಬೋಲ್ಟೊಂದನ್ನು ತೆಗೆದು, ಕನ್ನಡಿಯ ಮುಂದಿನ ಹಲಗೆಯ ಮೇಲೆ ಟಣ್ಣೆಂದು ಇಟ್ಟರು. ಅವರ ಕ್ಷೌರದಂಗಡಿಯಲ್ಲಿ ಆ ಮಧ್ಯಾಹ್ನ ಗಿರಾಕಿ ಅಂತ ಇದ್ದದ್ದು ಒಬ್ಬರೇ. ಕೆನ್ನೆ ತುಂಬ ನೊರೆ ಹಚ್ಚಿಸಿಕೊಂಡು ಕುರ್ಚಿಯಲ್ಲಿ ಒರಗಿದ್ದ ಬಸ್ ಡ್ರೈವರು. ಅವರೂ ಗಿರಾಕಿಗಿಂತ ಹೆಚ್ಚಾಗಿ ಗೆಳೆಯರು. ಇನ್ನೊಬ್ಬ ಗೆಳೆಯ, ಪಕ್ಕದ ಬೀದಿಯ ದರ್ಜಿ, ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಮಡಿಲ ತುಂಬ ಗಂಟು ಇಟ್ಟುಕೊಂಡು ಕೂತಿದ್ದರು.

ಮೂಲೆಯ ಬೆಂಚಿನಲ್ಲಿದ್ದ ಅಳಿಯ ನಕ್ಕ. ಅವನು ಪೇಂಟರು. ಒಗೆದ ಅಂಗಿ ತೊಟ್ಟು ಬಂದಿದ್ದರೂ ಉಗುರುಸಂದಿಯಲ್ಲಿ ನೀಲಿ ಉಳಿದಿತ್ತು. ಅದು ಫುಟ್‌ಬಾಲ್ ಕ್ಲಬ್ಬಿನ ನೀಲಿ. ಎಷ್ಟೋ ವರ್ಷ ಬೀಗ ಜಡಿದಿದ್ದ ಪೂರ್ವದ ಗ್ಯಾಲರಿಯನ್ನು ಕ್ಲಬ್ಬಿನವರು ಇವತ್ತಿನ ಸಂಜೆಯ ಪಂದ್ಯಕ್ಕೆ ಮತ್ತೆ ತೆರೆಯುವವರಿದ್ದರು. ಅದಕ್ಕೆ ಬಣ್ಣ ಬಳಿದ ಕೈ ಇವನದು. ಆ ಸಂಭ್ರಮಕ್ಕೇ ಈ ಮೂವರು ಹಳಬರು ಮನೆಯ ಅಟ್ಟ, ಪೆಟ್ಟಿಗೆ ಎಲ್ಲ ಜಾಲಾಡಿ ಕ್ಲಬ್ಬಿನ ಕಾಲದ ಸಾಮಾನು ಹೊತ್ತು ತಂದಿದ್ದರು. ಮೂಲೆ ಹರಿದ ಟಿಕೆಟ್ಟುಗಳು, ಒಗೆದೊಗೆದು ನೀಲಿ ಬೂದಿಯಾದ ಮಫ್ಲರು, ಗೋಲ್‌ಕೀಪರನ ಒಂಟಿ ಗವುಸು. ಪಂದ್ಯಕ್ಕೆ ಮುಂಚೆ ಅಂಗಡಿಯಲ್ಲಿ ಸೇರಿ ಹಳೆಯ ಆಟಗಾರರನ್ನು ಒಬ್ಬೊಬ್ಬರನ್ನೇ ಎಬ್ಬಿಸಿ ಆಡಿಸುವುದು ಅವರ ಲೆಕ್ಕಾಚಾರ.

"ಬೋಲ್ಟು ಹೇಗೆ ಬುಗುರಿ ಆಗುತ್ತೆ ಮಾವ?"

"ಕೇಳಿ ಹೇಳ್ತೀನಿ. ಬುಗುರಿ ಅಂದ್ರೆ ನಮ್ಮ ಏಳನೇ ನಂಬರಿನೋನು. ಕಾಲಿಗೆ ಚೆಂಡು ಸಿಕ್ತೋ, ಗಿರ್ರಂತ ತಿರುಗೋನು. ಅಡ್ಡ ಬಂದೋನಿಗೆ ಎಡ ಯಾವ್ದು ಬಲ ಯಾವ್ದು ಗೊತ್ತಾಗ್ದೆ ಅಲ್ಲೇ ಕುಂಡೆ ಊರಿಬಿಡೋನು. ಆ ಫೈನಲ್ಲಲ್ಲಿ ಮೂರು ಜನ ಸಾಲಾಗಿ ಕೂತ್ಬಿಟ್ರು, ಊಟಕ್ಕೆ ಕೂತ ಹಾಗೆ!"

"ನೀನು ನೋಡಿದ್ಯೇನೋ ಅದನ್ನ?" ನೊರೆಯೊಳಗಿಂದಲೇ ಡ್ರೈವರು ಕುಟುಕಿದರು. "ಮೈದಾನಕ್ಕೆ ಬೆನ್ನು ತಿರುಗಿಸಿ ನಿಂತಿರ್ತಿದ್ದೋನು ನೀನು."

ಮಾತು ಸುಳ್ಳಲ್ಲ. ಆ ಕಾಲದಲ್ಲಿ ಮಾವನಿಗೆ ಸಿಡಿಲಣ್ಣ ಅಂತಲೇ ಹೆಸರು. ಗ್ಯಾಲರಿಯ ಬುಡದಲ್ಲಿ, ಆಟಕ್ಕೆ ಬೆನ್ನು ಹಾಕಿ ಜನರ ಕಡೆ ಮುಖ ಮಾಡಿ ನಿಲ್ಲುತ್ತಿದ್ದರು. ಎರಡೂ ಕೈ ಮೇಲೆತ್ತಿದರೆ ಸಾಕು, ಕಬ್ಬಿಣದ ಗ್ಯಾಲರಿಯಲ್ಲಿದ್ದ ಅಷ್ಟೂ ಜನ ಒಟ್ಟಿಗೆ ಕಾಲು ಬಡಿಯಲು ಶುರು. ಆ ಗುಡುಗಿಗೆ ಎದುರಾಳಿಗಳ ಕಾಲಲ್ಲಿ ಚೆಂಡು ನಿಲ್ಲುತ್ತಿರಲಿಲ್ಲವಂತೆ. ಚಪ್ಪಾಳೆ ತಟ್ಟುವುದು ಪಶ್ಚಿಮದ ಗ್ಯಾಲರಿಯ ಬಿಳಿ ಅಂಗಿಯವರ ಕೆಲಸ, ಪೂರ್ವದವರದು ಕಾಲು.

"ನೋಡಿದ್ದೀನಪ್ಪ," ಮಾವ ಕತ್ತಿಯನ್ನು ಚರ್ಮದ ಪಟ್ಟಿಗೆ ಎಳೆದೆಳೆದು ಮಸೆಯುತ್ತ ಹೇಳಿದರು. "ಅವನ ಗೋಲುಗಳನ್ನೆಲ್ಲ ನಾನು ನಿಮ್ಮ ಮುಖದಲ್ಲಿ ನೋಡಿದ್ದೀನಿ. ನಿಂಗೆ ಆಗ ಹಲ್ಲಿದ್ವು, ಚೆನ್ನಾಗಿ ಕಾಣ್ತಿತ್ತು."

ದರ್ಜಿ ಕಿಸಕ್ಕನೆ ನಕ್ಕರು. ಮಾವ ಡ್ರೈವರ ಗಲ್ಲ ಹಿಡಿದು ಕತ್ತಿ ಇಟ್ಟರು.

"ಫೈನಲ್ ಮುಗಿದ ಮೇಲೆ ನಮ್ಮ ಹುಡುಗರ ಜಾಗಕ್ಕೆ ಓಡಿದೆ. ಬಡಿದೂ ಬಡಿದೂ ಅಲ್ಲಿ ಒಂದು ನಟ್ಟು ಬರಿ ಕೈಲೇ ತಿರುಗೋ ಹಾಗಾಗಿತ್ತು. ತಿರುಗಿಸ್ದೆ. ನಟ್ಟು ಬಿಸಾಕ್ದೆ, ಬೋಲ್ಟು ಜೇಬಿಗೆ. ಬುಗುರಿ ಹೋಗಿ ಇಷ್ಟು ದಿನ ಆಯ್ತು, ಅವನ ಗಿರ್ರನ್ನೋದು ಇನ್ನೂ ಇದರೊಳಗೆ ಇದೆ."

"ಅಯ್ಯೋ, ನೀನೂ ತೆಗ್ದಿದ್ಯಾ?"

ಕತ್ತಿಯ ಕೆಳಗಿಂದ ಡ್ರೈವರು ಮೆಲ್ಲಗೆ ಕೈ ಚಾಚಿ, ಪ್ಯಾಂಟಿನ ಜೇಬಿನಿಂದ ಕೀಲಿಗೊಂಚಲು ಎಳೆದರು. ಮೂರು ಕೀಲಿಗಳ ನಡುವೆ ಅದೇ ಗಾತ್ರದ ಬೋಲ್ಟು, ತಲೆ ಮಾತ್ರ ಉಜ್ಜಿ ಉಜ್ಜಿ ಫಳಫಳ.

"ಇದು ಗೋಡೆ," ಎಂದರು. "ನಮ್ಮ ಗೋಲ್‌ಕೀಪರು. ಪ್ರತಿ ಸಲ ಚೆಂಡು ಹಿಡಿದ ಮೇಲೆ ಹೋಗಿ ಗೋಲಿನ ಕಂಬದ ಬೆನ್ನು ತಟ್ಟೋನು, ಹೆದರ್ಬೇಡ ಕಣೋ ನಾನಿದ್ದೀನಿ ಅನ್ನೋ ಹಾಗೆ. ಎರಡು ಪೆನಾಲ್ಟಿ ತಡೆದ್ನಲ್ಲ, ಅವತ್ತಿಂದು ಇದು. ಬಸ್ಸು ಓಡಿಸಿದಷ್ಟು ವರ್ಷವೂ ನನ್ನ ಜೊತೆ ಇತ್ತು, ಒಂದು ಸಲ ಬ್ರೇಕು ಕೈಕೊಟ್ಟಿಲ್ಲ. ನಾನೊಬ್ನೇ ತೆಗ್ದಿದ್ದು ಅಂದ್ಕೊಂಡಿದ್ದೆ ನೋಡು."

"ಹಾಗಾದ್ರೆ ಇದೂ ನೋಡ್ಬಿಡಿ," ಅಂದ ದರ್ಜಿ ಗಂಟು ಬಿಚ್ಚಿದರು. ಬಟ್ಟೆ ಕತ್ತರಿಸುವಾಗ ಹಾರದ ಹಾಗೆ ಮೇಲಿಡುವ ಭಾರವಂತೆ ಅದು. ಬೋಲ್ಟಿಗೆ ಕೆಂಪು ಮಖಮಲ್ಲಿನ ಅಂಗಿ ಹೊಲಿದು ತೊಡಿಸಿದ್ದರು. "ಇದು ಎಡಚ. ಆ ಮಹಾರಾಯನಿಗೆ ಬಲಗಾಲು ಇದ್ದದ್ದು ನಿಂತ್ಕೊಳ್ಳೋಕೆ ಮಾತ್ರ. ಮೈದಾನದ ಅರ್ಧದಿಂದ ಒದ್ದಿದ್ನಲ್ಲ, ಆ ಗೋಲು. ಮನೆಗೆ ತಂದೆ. ನಮ್ಮೋಳು, ಓಲೆ ತನ್ನಿ ಅಂದ್ರೆ ಬೋಲ್ಟು ತಂದಿದ್ದೀರಲ್ಲ, ಇದನ್ನ ಯಾವ ಕಿವಿಗೆ ಹಾಕ್ಕೊಳ್ಳಲಿ ಅಂದ್ಳು."

ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಳಿಯನೂ ನಕ್ಕ. ಆದರೆ ಅರ್ಧಕ್ಕೇ ಅವನ ಕಣ್ಣು ಹಲಗೆಯ ಕಡೆ ತಿರುಗಿತು.

ಹಲಗೆಯ ಮೇಲೆ ಸಾಲಾಗಿ ಮೂರು ಬೋಲ್ಟು. ಒಂದೇ ದಪ್ಪ, ಒಂದೇ ಉದ್ದ. ಅವನ ಹೆಬ್ಬೆರಳು ತನ್ನಷ್ಟಕ್ಕೆ ತಾನೇ ಒಂದು ಗುಂಡಗಿನ ಆಕಾರವನ್ನು ಒತ್ತತೊಡಗಿತು. ತೂತು ಮುಚ್ಚುವ ಪುಟ್ಟಿ ಒತ್ತಿದ ಬೆರಳು ಅದು. ಎಷ್ಟು ಅಗಲದ ತೂತು, ಎಷ್ಟು ಆಳ ಅಂತ ಬೆರಳಿಗೆ ಬಾಯಿಪಾಠ.

"ಮಾವ," ಅವನು ಎದ್ದ. "ನಿಮ್ಮ ಜಾಗ ಅಂದ್ರೆ ಯಾವ್ದು? ಎಲ್ಲಿ ಕೂರ್ತಿದ್ರು ಇವರೆಲ್ಲ?"

"ಗಡಿಯಾರದ ಕೆಳಗಿನ ಕಂಬ. ಅಲ್ಲಿಂದ ಎರಡೂ ಗೋಲು ಕಾಣ್ತವೆ. ಕಂಬ ಮೇಲೆ ಬಂದು ತೊಲೆಗೆ ಸೇರುತ್ತಲ್ಲ, ಅಲ್ಲೇ ಮೊಣಕಾಲ ಹತ್ರ. ಯಾಕೆ?"

"ಮೂರೂ ಅಲ್ಲಿಂದಲೇ?"

"ಇನ್ನೆಲ್ಲಿಂದ? ನಮ್ಮದು ಅಂತ ಇದ್ದದ್ದು ಅದೊಂದೇ ಕಂಬ," ದರ್ಜಿ ಹೆಮ್ಮೆಯಿಂದ ಹೇಳಿದರು. "ನನ್ನ ತಮ್ಮನ ಹತ್ರಾನೂ ಒಂದಿದೆ, ಬಾಗಿಲು ಬಡೀಬಾರ್ದು ಅಂತ ಅಡ್ಡ ಇಟ್ಕೊಂಡಿದ್ದಾನೆ."

ಆ ಕಂಬದ ತಲೆಯ ಕಬ್ಬಿಣದ ಪಟ್ಟಿಯನ್ನು ಅಳಿಯ ಎರಡು ವಾರದ ಹಿಂದೆ ಅಂಗೈಯಿಂದ ಒರೆಸಿದ್ದ. ಆರು ತೂತುಗಳಲ್ಲಿ ಐದು ಖಾಲಿ ಇದ್ದವು. ಹಳೇ ಕಾಲದ್ದು, ಬೇಡದ ತೂತುಗಳೇ ಇರಬೇಕು ಅಂದುಕೊಂಡಿದ್ದ. ಒಂದು ಮಾತು ಕೇಳಿಯೂ ಇದ್ದ. ಕ್ಲಬ್ಬಿನ ಕಾರ್ಯದರ್ಶಿ ಕೆಳಗಿನಿಂದಲೇ, "ಟೀವಿಯಲ್ಲಿ ಕಾಣಬಾರ್ದು, ಮುಚ್ಚಿಬಿಡಪ್ಪ" ಅಂದಿದ್ದರು. ಮುಚ್ಚಿದ. ಪುಟ್ಟಿ ತುಂಬಿ, ಒಣಗಿಸಿ, ಉಜ್ಜಿ, ಎರಡು ಕೋಟು ನೀಲಿ ಕೊಟ್ಟ. ಉಳಿದಿದ್ದ ಒಂದೇ ಒಂದು ಬೋಲ್ಟಿನ ತಲೆಗೂ ಕೊಟ್ಟ. ತೂತಿದ್ದ ಗುರುತೇ ಸಿಗದ ಹಾಗೆ ಮಾಡಿದ್ದಕ್ಕೆ ಬೆನ್ನು ತಟ್ಟಿಸಿಕೊಂಡಿದ್ದ.

"ಅಲ್ಲಿ ಈಗ ಇರೋದು ಪುಟ್ಟಿ ಮಾವ," ಅಂದ. "ನಾನೇ ತುಂಬಿದ್ದು. ಐದು ತೂತಿಗೆ."

ಮಾವನ ಕತ್ತಿ ಡ್ರೈವರ ಗಂಟಲ ಗಂಟಿನ ಮೇಲೆ ನಿಂತುಬಿಟ್ಟಿತು. ಡ್ರೈವರು ಉಗುಳು ನುಂಗಲಿಲ್ಲ.

"ಕತ್ತಿ ತೆಗಿ ಮಾರಾಯ," ಎಂದರು ಕೊನೆಗೆ, ಸಣ್ಣ ದನಿಯಲ್ಲಿ. ಆಮೇಲೆ ಅರ್ಧ ನೊರೆಯ ಮುಖದಲ್ಲೇ ಎದ್ದು ಕೂತು, "ಅಷ್ಟು ದೊಡ್ಡ ಗ್ಯಾಲರಿ ಐದು ಬೋಲ್ಟಿಗೆಲ್ಲ ಬೀಳುತ್ತಾ? ಇಷ್ಟು ವರ್ಷ ನಿಂತಿಲ್ವಾ?"

"ಇಷ್ಟು ವರ್ಷ ಅದರ ಮೇಲೆ ಪಾರಿವಾಳ ಕೂರ್ತಿದ್ವು," ದರ್ಜಿ ಹೇಳಿದರು. ಅವರ ಕೈ ಮಖಮಲ್ಲಿನ ಅಂಗಿಯನ್ನು ಬೋಲ್ಟಿನಿಂದ ಕಿತ್ತು ತೆಗೆಯುತ್ತಿತ್ತು.

ಮಾವ ಮಾತ್ರ ಅಳಿಯನನ್ನೇ ನೋಡುತ್ತಿದ್ದರು. ಜನರ ಮುಖದಲ್ಲಿ ಆಟ ಓದಿ ರೂಢಿಯಾದ ಕಣ್ಣು ಅದು. ಅವನು ಬಾಯಿ ಬಿಡುವ ಮೊದಲೇ ಅವರಿಗೆ ತಿಳಿದುಹೋಯಿತು.

"ನನ್ನ ಮಗಳು," ಎಂದರು. "ಮೊಮ್ಮಗಳು."

ಅಮ್ಮ ಮಗಳು ಇಬ್ಬರೂ ಒಳ್ಳೆ ಜಾಗ ಹಿಡಿಯಲೆಂದು ಊಟ ಮುಗಿಸಿದವರೇ ಹೊರಟುಹೋಗಿದ್ದರು. ಯಾವ ಜಾಗ ಒಳ್ಳೆಯದು ಎಂದು ಹೇಳಿ ಕಳಿಸಿದವರು ಇದೇ ತಾತ. ಇವತ್ತು ಬುಗುರಿಯ ನೆನಪಿಗೆ ಪೂರ್ವದ ಗ್ಯಾಲರಿ ಮತ್ತೆ ಕಾಲು ಬಡಿಯುತ್ತದೆ ಎಂದು ಕ್ಲಬ್ಬಿನವರು ಬೀದಿ ಬೀದಿಯಲ್ಲಿ ಕೂಗಿಸಿದ್ದರು. ಮೊಮ್ಮಗಳಿಗಂತೂ ವಾರದಿಂದ ಈ ಅಂಗಡಿಯಲ್ಲೇ ತಾಲೀಮು. ಅವಳು ಬೆಂಚಿನ ಮೇಲೆ ನಿಂತು ತಾತನ ಹಾಗೆ ಎರಡೂ ಕೈ ಮೇಲೆತ್ತುವಳು, ಮೂವರು ಮುದುಕರು ನೆಲ ಬಡಿಯುವರು, ಕನ್ನಡಿ ಅದುರುವುದು.

ನಾಲ್ವರೂ ಬೀದಿಗಿಳಿದರು. ಡ್ರೈವರ ಕೆನ್ನೆಯ ನೊರೆಯನ್ನು ನೋಡಿ ನಗುವವರು ನಕ್ಕರು. ಬೀದಿಯ ತುಂಬ ನೀಲಿ ಅಂಗಿಗಳು, ನೀಲಿ ಬಾವುಟಗಳು, ಅಪ್ಪಂದಿರ ಹೆಗಲ ಮೇಲೆ ಮಕ್ಕಳು. ಅಳಿಯ ಕಿವಿಗೆ ಫೋನು ಒತ್ತಿಕೊಂಡು ಜನರ ನಡುವೆ ನುಗ್ಗಿದ.

"ಎಲ್ಲಿದ್ದೀ?"

"ಅಪ್ಪ ಹೇಳಿದ ಜಾಗದಲ್ಲೇ! ಗಡಿಯಾರದ ಕೆಳಗೆ. ಬೇಗ ಬನ್ನಿ, ನಿಮಗೂ ಜಾಗ ಹಿಡಿದಿದ್ದೀನಿ."

"ಮಗೂನ ಕರ್ಕೊಂಡು ಇಳಿದು ಬಾ. ಈಗಲೇ."

"ಏನು? ಕೇಳಿಸ್ತಿಲ್ಲ ರೀ. ಜಾಗ ಬಿಟ್ರೆ ಮತ್ತೆ ಸಿಗಲ್ಲ. ಹಿಂದೆ ಕೂತಿರೋರು ಆಗಲೇ ಒಂದೆರಡು ಸಲ ಕಾಲು ಬಡಿದು ನೋಡಿದ್ರು, ನಿಮ್ಮ ಮಗಳು..."

"ಆ ಕಂಬಕ್ಕೆ ಬೋಲ್ಟಿಲ್ಲ ಕಣೇ!"

"ಏನಿಲ್ಲ?"

ಫೋನು ಕಟ್ಟಾಯಿತು. ಮತ್ತೆ ಒತ್ತಿದ. ಹೋಗಲಿಲ್ಲ. ಅಷ್ಟು ಜನ ಒಟ್ಟಿಗೆ ಸೇರಿದ ಕಡೆ ಇನ್ಯಾವ ಫೋನು ಹೋಗುತ್ತದೆ?

ಗೇಟಿನ ಕಾವಲುಗಾರ ಪೇಂಟರನ್ನು ಗುರುತು ಹಿಡಿದು, "ಏನಣ್ಣ, ಬಣ್ಣ ಒಣಗಿದೆಯಾ ನೋಡೋಕೆ ಬಂದ್ಯಾ?" ಎಂದ. ದರ್ಜಿಯೂ ಡ್ರೈವರೂ ಅವನ ಎರಡು ತೋಳು ಹಿಡಿದು, ಮೈಕು ಎಲ್ಲಿದೆ, ಕಾರ್ಯದರ್ಶಿ ಎಲ್ಲಿ ಎಂದು ಒಂದೇ ಉಸಿರಿಗೆ ಕೇಳತೊಡಗಿದರು. ಅವನು ಪಶ್ಚಿಮದ ಕಡೆ ಕೈ ತೋರಿಸಿದ. ಇಡೀ ಮೈದಾನದ ಆಚೆ. ಇಬ್ಬರೂ ಮುದುಕರು ತಮ್ಮ ಮಂಡಿ ಮರೆತು ಆ ಕಡೆ ಓಡಿದರು.

ಅಳಿಯ ಗ್ಯಾಲರಿಯ ಅಡಿಗೆ ತೂರಿಕೊಂಡ. ಅಲ್ಲಿ ಬೆಳಕು ಸೀಟುಗಳ ಸಂದಿಯಿಂದ ಪಟ್ಟೆ ಪಟ್ಟೆಯಾಗಿ ಇಳಿಯುತ್ತಿತ್ತು. ತಲೆಯ ಮೇಲೆ ಸಾವಿರ ಚಪ್ಪಲಿ, ಶೂಗಳ ಸರಪರ. ತಾನೇ ಬಳಿದ ನೀಲಿಯ ವಾಸನೆ ಇನ್ನೂ ಆರಿರಲಿಲ್ಲ. ಗಡಿಯಾರದ ಕಂಬ ಹುಡುಕಿ ಅದರ ಬುಡದಲ್ಲಿ ನಿಂತು ಮೇಲೆ ನೋಡಿದ. ತೊಲೆಯೂ ಪಟ್ಟಿಯೂ ಸೇರುವಲ್ಲಿ ಬಣ್ಣ ಕೂದಲೆಳೆಯಷ್ಟು ಸೀಳಿತ್ತು. ಅದೊಂದು ಬಿರುಕಷ್ಟೇ, ಹೊಸ ಬಣ್ಣ ಸೀಳುವುದುಂಟು ಎಂದು ತನಗೆ ತಾನೇ ಹೇಳಿಕೊಳ್ಳಲು ನೋಡಿದ. ಮೇಲೆ ಯಾರೋ ಮಗ್ಗುಲು ಬದಲಿಸಿದರು. ಬಿರುಕು ಬಾಯಿ ತೆರೆದು, ಮುಚ್ಚಿಕೊಂಡಿತು.

ಅಷ್ಟರಲ್ಲಿ ಮೇಲಿನಿಂದ ಕೂಗು ಶುರುವಾಯಿತು.

"ಸಿಡಿಲಣ್ಣ! ಸಿಡಿಲಣ್ಣ!"

ಅಳಿಯ ಎದ್ದೂ ಬಿದ್ದೂ ಹೊರಗೆ ಬಂದ. ಮಾವ ಗ್ಯಾಲರಿಯ ಬುಡದಲ್ಲಿ, ತಮ್ಮ ಹಳೆಯ ಜಾಗದಲ್ಲೇ, ಮೈದಾನಕ್ಕೆ ಬೆನ್ನು ಹಾಕಿ ನಿಂತಿದ್ದರು. ಮಗಳನ್ನು ಕೂಗಿ ಕೂಗಿ ಗಂಟಲು ಕಟ್ಟಿತ್ತು. ಜನಕ್ಕೆ ಕೇಳಿಸಿದ್ದು ಕೂಗಲ್ಲ, ಕಂಡದ್ದು ಆ ಬೆಳ್ಳಗಾದ ತಲೆ. ಹಳಬರು ಗುರುತು ಹಿಡಿದರು, ಹೊಸಬರಿಗೆ ಹೇಳಿದರು. ಇಡೀ ಗ್ಯಾಲರಿ ಅವರ ಕೈಗಳನ್ನೇ ನೋಡುತ್ತ ತುದಿಗಾಲಲ್ಲಿ ನಿಂತಿತು. ಇಳಿದು ಬನ್ನಿ, ಎಲ್ಲರೂ ಇಳಿದು ಬನ್ನಿ ಎಂದು ಸನ್ನೆ ಮಾಡಲು ಮಾವ ಎರಡೂ ಕೈಗಳನ್ನು ಎದೆಯವರೆಗೆ ತಂದಿದ್ದರು.

"ಮಾವ! ಕೈ ಎತ್ತಬೇಡಿ!"

ಕೈಗಳು ಅಲ್ಲೇ ನಿಂತವು. ಮಾವ ತಿರುಗಿ ನೋಡಿದರು.

"ಮತ್ತೆ ಹೇಗೆ ಕರೀಲಿ ಅಳಿಯಂದ್ರೇ?" ಎಂದರು. "ನನ್ನ ದನಿ ಅಲ್ಲಿವರೆಗೂ ಹೋಗ್ತಿಲ್ಲ."

"ಕೈ ಮಾತ್ರ ಬೇಡ ಮಾವ. ನಾನು ಹತ್ತಿ ಕರ್ಕೊಂಡು ಬರ್ತೀನಿ. ಅಲ್ಲಾಡಬೇಡಿ."

ಮಾವ ಎರಡೂ ಕೈಗಳನ್ನು ಕಂಕುಳಲ್ಲಿ ಬಿಗಿಯಾಗಿ ಅವುಚಿಕೊಂಡು, ಚಳಿ ಹಿಡಿದವರ ಹಾಗೆ ನಿಂತರು. ಏನಾಯಿತೆಂದು ತಿಳಿಯದೆ ಗ್ಯಾಲರಿ ಮೆಲ್ಲಗೆ ಸದ್ದಡಗಿತು. ಅಳಿಯ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟ. ಮೇಲೆ, ಗಡಿಯಾರದ ಕೆಳಗೆ, ಅವನ ಹೆಂಡತಿ ಫೋನಿನ ಮೇಲೆ ತಲೆ ಬಗ್ಗಿಸಿ ಏನೋ ಒತ್ತುತ್ತಿದ್ದಳು. ಪಕ್ಕದ ಸೀಟಿನ ಮೇಲೆ ಮಗಳು ಎದ್ದು ನಿಂತಿದ್ದಳು. ಕೈ ಎತ್ತುವುದನ್ನು ತಾತ ಮರೆತುಬಿಟ್ಟರೆಂದು ಅವಳಿಗೆ ಅನ್ನಿಸಿರಬೇಕು. ನಗುತ್ತ, ಅಂಗಡಿಯ ಬೆಂಚಿನ ಮೇಲೆ ಕಲಿತ ಹಾಗೆಯೇ, ಎರಡೂ ಕೈಗಳನ್ನು ತಲೆಯ ಮೇಲಕ್ಕೆ ಎತ್ತಿದಳು.

ಗ್ಯಾಲರಿಯ ಅಡಿಯ ಕತ್ತಲಿನಿಂದ ನಾಣ್ಯದಷ್ಟಗಲದ ಪುಟ್ಟಿಯ ಬಿಲ್ಲೆಯೊಂದು ಉರುಳಿಕೊಂಡು ಬಂದು, ಅಳಿಯನ ಕಾಲಿನ ಹತ್ತಿರ ಎರಡು ಸುತ್ತು ತಿರುಗಿ, ನೀಲಿ ಮೇಲಾಗಿ ಬಿತ್ತು.